ನೀರು ಹಣ್ಣಾಗುವವರೆಗೆ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನಿಶಿಯಲ್ ಹಿಂದುಮುಂದಾಗಿದೆ ಎಂದು ತಕರಾರು ತೆಗೆಯಲು ಎಲ್ಲಿಂದಾದರೂ ಎದ್ದು ಬಂದಾರು ಎಂಬ ಭಯ ನನಗಿದೆ. ಅವರು ತೀರಿಕೊಂಡು ಮೂರು ತಿಂಗಳಾಯಿತು. ಮೂಡುಬಿದಿರೆಯ ಒಂದು ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ನನಗೆ ಅವರ ಪರಿಚಯವಿದ್ದುದು ಹೆಚ್ಚೆಂದರೆ ಆರು ತಿಂಗಳು. ಗಲ್ಫಿನಲ್ಲಿ ಹದಿನೆಂಟು ವರ್ಷ ದುಡಿದೆ. ಅಲ್ಲಿಯ ಯಾವ ಯಜಮಾನನೂ ಈ ಮನುಷ್ಯ ಆರು ತಿಂಗಳಲ್ಲಿ ಕೊಟ್ಟಷ್ಟು ಕಾಟ ಕೊಟ್ಟಿರಲಿಲ್ಲ.

ಜಗಳದ ಮೂಲ ಇಷ್ಟೇ. ನನಗೆ ಬೇಕಾಗಿದ್ದುದು ಗಿರಾಕಿಗಳ ಮಕ್ಕಳು ನೋಡಲು ನಾಲ್ಕು ಬಣ್ಣದ ಮೀನು. ಅವರಿಗೆ ಬೇಕಾಗಿದ್ದುದು ತಮ್ಮಲ್ಲಿ ಉಳಿದಿದ್ದ ಒಂದೇ ಒಂದು ನೀರಿನ ಗಿಡಕ್ಕೆ ತಮ್ಮ ನಂತರ ಬದುಕಲು ಜಾಗ. ಇಬ್ಬರೂ ಒಂದೇ ಗಾಜಿನ ಪೆಟ್ಟಿಗೆಯ ಮೇಲೆ ಕಣ್ಣಿಟ್ಟಿದ್ದೆವು. ಇದು ನನಗೆ ತಿಳಿಯುವಷ್ಟರಲ್ಲಿ ಪೆಟ್ಟಿಗೆ ಮುಕ್ಕಾಲು ಪಾಲು ಅವರದ್ದಾಗಿ ಹೋಗಿತ್ತು.

ಮೂಡುಬಿದಿರೆಯಿಂದ ಬೆಳುವಾಯಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಹೋಟೆಲು. ಮಧ್ಯಾಹ್ನ ಮೀನೂಟ, ಸಂಜೆ ಚಾ, ಗೋಳಿಬಜೆ. ಹೋಟೆಲಿಗೊಂದು ಕಳೆ ಬರಲಿ ಎಂದು ಕೈ ತೊಳೆಯುವ ಬೇಸಿನ್ನಿನ ಪಕ್ಕದಲ್ಲಿ ನಾಲ್ಕಡಿ ಉದ್ದದ ಅಕ್ವೇರಿಯಂ ತಂದಿಟ್ಟೆ. ಒಳಗೆ ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಗುಳ್ಳೆ ಬಿಡುವ ಒಂದು ಬೊಂಬೆ, ಆರು ಗೋಲ್ಡ್ ಫಿಶ್. ಮೀನೂಟದ ಹೋಟೆಲಿನಲ್ಲಿ ಅಕ್ವೇರಿಯಂ ಇಟ್ಟರೆ ಏನಾಗುತ್ತದೆ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. "ಶೆಟ್ರೇ, ಆ ಬಲಬದಿಯದ್ದನ್ನು ತವಾ ಫ್ರೈ ಮಾಡಿ" ಎಂದು ಮೊದಲ ದಿನವೇ ಒಬ್ಬ ಹೇಳಿದ. ಆ ವಾರವಿಡೀ ಮೂವತ್ತು ಮಂದಿ ಅದನ್ನೇ ಹೇಳಿದರು, ಪ್ರತಿಯೊಬ್ಬನೂ ತನಗೇ ಮೊದಲು ಹೊಳೆದದ್ದು ಎಂಬ ಮುಖ ಹೊತ್ತುಕೊಂಡು. ಮೂವತ್ತು ಸಲವೂ ನಾನು ನಕ್ಕೆ. ವ್ಯಾಪಾರ ಅಂದಮೇಲೆ ನಗಲೇಬೇಕು.

ವಾರ ಮುಗಿಯುವಷ್ಟರಲ್ಲಿ ನಾಲ್ಕು ಮೀನು ಸತ್ತವು. ಐದನೆಯದು ಮಗ್ಗುಲಾಗಿ ತೇಲುತ್ತಿದ್ದ ದಿನ ಅವರು ಊಟಕ್ಕೆ ಬಂದರು. ಸಣಕಲು ದೇಹ, ಬಿಳಿ ಅಂಗಿ, ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟ ಭೂತಗನ್ನಡಿ. ಕೈ ತೊಳೆಯಲು ಹೋದವರು ಅಕ್ವೇರಿಯಂ ಮುಂದೆ ನಿಂತರು. ಅನ್ನ ಆರಿತು, ಸಾರು ಆರಿತು, ಮನುಷ್ಯ ಅಲ್ಲಿಂದ ಕದಲಲಿಲ್ಲ. ಕೊನೆಗೆ ಗಲ್ಲಾದ ಹತ್ತಿರ ಬಂದು ಕೇಳಿದರು.

"ಈ ಮೀನುಗಳು ನಿಮಗೆ ಎಂತ ಅನ್ಯಾಯ ಮಾಡಿದ್ದವು?"

ನನಗೆ ರೇಗಿತು. "ದಿನಾ ನೀರು ಬದಲಾಯಿಸ್ತೇನೆ ಮಾರಾಯ್ರೇ. ಇದಕ್ಕಿಂತ ಹೆಚ್ಚು ಎಂತ ಮಾಡ್ಬೇಕು?"

"ಅದಕ್ಕೇ ಸತ್ತದ್ದು. ನಿಮ್ಮ ನೀರು ಇನ್ನೂ ಹಸಿ ಉಂಟು. ನೀರು ಹಣ್ಣಾಗಬೇಕು."

ನೀರು ಹಣ್ಣಾಗುವುದೆಂದರೆ ಏನೆಂದು ಕೇಳಿದ್ದು ನನ್ನ ಜೀವನದ ದೊಡ್ಡ ತಪ್ಪುಗಳಲ್ಲೊಂದು. ನಲವತ್ತು ನಿಮಿಷ ವಿವರಿಸಿದರು. ಕಣ್ಣಿಗೆ ಕಾಣದ ಜೀವಿಗಳು ಮರಳಿನಲ್ಲಿ ನೆಲೆಯೂರಬೇಕಂತೆ, ಮೀನಿನ ಹೊಲಸನ್ನು ತಿಂದು ಗಿಡಕ್ಕೆ ಗೊಬ್ಬರ ಮಾಡುವುದು ಅವೇ ಅಂತೆ. ಅವು ಬರುವ ಮೊದಲು ಮೀನು ಬಿಡುವುದು ಗೋಡೆ ಏಳದ ಮನೆಗೆ ಬಾಡಿಗೆದಾರರನ್ನು ಕರೆದ ಹಾಗೆ ಅಂತೆ. ಇಷ್ಟನ್ನೂ ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಹೇಳಿದರು. ಅವರೂ ತುಳುವರೇ, ನಾನು ತುಳುವಿನಲ್ಲೇ ಕೇಳುತ್ತಿದ್ದೆ. ಆದರೆ ಲ್ಯಾಬಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕನ್ನಡದಲ್ಲಿ ತಿದ್ದಿ ತಿದ್ದಿ, ಯಾರನ್ನಾದರೂ ತಿದ್ದಬೇಕೆಂದಾಗ ಅವರ ಬಾಯಿಗೆ ಕನ್ನಡವೇ ಬರುತ್ತಿತ್ತು. ಹಾಗಾಗಿ ನನ್ನೊಡನೆ ತುಳು ಮಾತಾಡುವ ಸಂದರ್ಭವೇ ಅವರಿಗೆ ಒದಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಕರೆದಿರಲಿಲ್ಲ. ಅಂಗಿಯ ಬಲಗಡೆಯ ತೋಳು ಮಡಿಸಿ ಅಕ್ವೇರಿಯಂಗೆ ಕೈ ಹಾಕಿ, ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಬೊಂಬೆ ಎಲ್ಲವನ್ನೂ ತೆಗೆದು ಬಾಲ್ದಿಗೆ ಹಾಕಿದರು. ಉಳಿದಿದ್ದ ಒಂದು ಮೀನನ್ನು ತಾವು ತಂದಿದ್ದ ಡಬ್ಬಿಯಲ್ಲಿ ಒಯ್ದರು. ಕಾಲೇಜಿನ ಕೊಳದಲ್ಲಿ ಬಿಟ್ಟರಂತೆ. ಅದು ಇವತ್ತಿಗೂ ಬದುಕಿದೆಯಂತೆ. ಇದನ್ನು ಅವರು ನನಗೆ ಕನಿಷ್ಠ ನೂರು ಸಲ ನೆನಪಿಸಿದ್ದರು.

ನಾನು ಫೋನ್ ತೆಗೆದು, ಯೂಟ್ಯೂಬ್‌ನಲ್ಲಿ ಒಬ್ಬರು ಗಿಡದ ಅಕ್ವೇರಿಯಂ ಮಾಡುವುದನ್ನು ತೋರಿಸಿದೆ. ಹದಿನೈದು ನಿಮಿಷದ ವಿಡಿಯೊ, ಕೊನೆಗೆ ಕಾಡಿನಂಥ ಹಸಿರು, ನಡುವೆ ಕೆಂಪು ಮೀನು. ಭೂತಗನ್ನಡಿ ಹಿಡಿದು ಪೂರ್ತಿ ನೋಡಿದರು.

"ಇದರಲ್ಲಿ ಕಾಯುವುದನ್ನು ಕತ್ತರಿಸಿ ತೆಗೆದಿದ್ದಾರೆ" ಎಂದರು. "ಉಳಿದದ್ದು ಎಲ್ಲ ಸರಿ ಉಂಟು."

ತಳಕ್ಕೆ ಹಾಕಲು ಅವರಿಗೆ ಕೆಂಪುಕಲ್ಲಿನ ಪುಡಿಯೇ ಬೇಕಾಗಿತ್ತು. ನಮ್ಮ ಮನೆಗಳ ಗೋಡೆಗೆ ಹಾಕುತ್ತೇವಲ್ಲ, ಅದೇ ಕಲ್ಲು. ಅದರಲ್ಲಿ ಕಬ್ಬಿಣದ ಅಂಶ ಇದೆ, ನೀರಿನ ಗಿಡದ ಬೇರಿಗೆ ಅದು ಬೇಕು ಎಂದರು. ಸರಿ ಎಂದು ಕಲ್ಲಿನ ಕೋರೆಗೆ ಹೋಗಿ, ಯಂತ್ರ ಕಲ್ಲು ಕೊಯ್ಯುವಲ್ಲಿ ಬಿದ್ದಿದ್ದ ಹುಡಿಯನ್ನು ಒಂದು ಗೋಣಿ ತಂದೆ. ಬೆರಳಿನಲ್ಲಿ ಉಜ್ಜಿ ನೋಡಿ, ಇದರಲ್ಲಿ ಯಂತ್ರದ ಎಣ್ಣೆ ಬಿದ್ದಿದೆ ಎಂದರು. ಎರಡನೆಯ ಗೋಣಿ ತಂದೆ. ಅದನ್ನು ಹೋಟೆಲಿನ ಹಿಂದೆ ಕೂತು ಏಳು ನೀರಿನಲ್ಲಿ ತೊಳೆಸಿದರು. ಗಲ್ಫಿನಿಂದ ಬಂದ ಮೇಲೆ ನಾನು ಅಕ್ಕಿ ಕೂಡ ತೊಳೆದವನಲ್ಲ. ಅಂಗಳ ಕೆಂಪಾಯಿತು, ಲುಂಗಿ ಕೆಂಪಾಯಿತು. ಅವರು ಕುರ್ಚಿಯಲ್ಲಿ ಕೂತು "ಇನ್ನೊಮ್ಮೆ" ಎನ್ನುತ್ತಿದ್ದರು.

ಮರಳಿನದು ಇನ್ನೊಂದು ಕತೆ. ಮನೆ ಕಟ್ಟಿದಾಗ ಉಳಿದ ಒಳ್ಳೆಯ ಮರಳಿತ್ತು. ಹೊಳೆ ಸಮುದ್ರ ಸೇರುವ ಕಡೆಯಿಂದ ಬಂದದ್ದು. ಅದನ್ನು ತಂದು ಸುರಿದೆ. ಅವರು ಅಡುಗೆಮನೆಗೆ ನುಗ್ಗಿ, ನಮ್ಮ ಅಡುಗೆಯ ಸಂಜೀವಣ್ಣನಿಂದ ವಿನೆಗರ್ ಬಾಟ್ಲಿ ಕಸಿದು ತಂದು ಮರಳಿನ ಮೇಲೆ ನಾಲ್ಕು ಹನಿ ಬಿಟ್ಟರು. ಬುಸ್ಸೆಂದು ನೊರೆ ಬಂತು.

"ನೋಡಿ. ಮರುವಾಯಿ ಚಿಪ್ಪಿನ ಚೂರು. ಇದು ಕರಗಿ ನೀರಿಗೆ ಸುಣ್ಣ ಬಿಡ್ತದೆ. ನನ್ನ ಗಿಡಕ್ಕೆ ಆಗುವುದಿಲ್ಲ."

ಮರುವಾಯಿ ಸುಕ್ಕ, ಅಂದರೆ ಆ ಚಿಪ್ಪುಮೀನಿನ ಒಣಪಲ್ಯ, ನಮ್ಮ ಹೋಟೆಲಿನ ವಿಶೇಷ. ಅದನ್ನು ಎರಡು ಸಲ ಹಾಕಿಸಿಕೊಂಡು ತಿನ್ನುವ ಮನುಷ್ಯ ಮರಳಿನಲ್ಲಿ ಅದರ ಒಂದು ಚೂರು ಕಂಡರೆ ಹೀಗೆ ಹಾರಾಡುತ್ತಿದ್ದರು. ಬಂಟ್ವಾಳದ ಕಡೆಯಿಂದ ತರಿಸಿದ ಮರಳು ದಪ್ಪವಾಯಿತು. ಬೆಳುವಾಯಿಯಲ್ಲಿ ಗದ್ದೆ ಬದಿಯ ಸಣ್ಣ ಹಳ್ಳ, ನಮ್ಮ ಕಡೆಯ ತೋಡು, ಅದರ ಮರಳು ಕೊನೆಗೂ ಪಾಸಾಯಿತು, ಅದೂ ಚಾ ಸೋಸುವ ಜಾಲರಿಯಲ್ಲಿ ಸೋಸಿದ ಮೇಲೆ.

"ನನ್ನ ಗಿಡ" ಎಂದರಲ್ಲ, ಆ ಹೊತ್ತಿಗೆ ನಾನು ಅದನ್ನು ಗಮನಿಸಲಿಲ್ಲ. ಗಮನಿಸಿದ್ದರೆ ಅಂದೇ ಕೇಳುತ್ತಿದ್ದೆ.

ನೀರು ತುಂಬಿಸುವ ದಿನ ಮನೆಯಿಂದ ನಾಲ್ಕು ಬಾಲ್ದಿ ತಂದಿದ್ದೆ. ಒಂದೊಂದನ್ನೂ ಮೂಸಿದರು. ಮೂರನೆಯದರ ಅಡಿಯನ್ನು ಉಗುರಿನಿಂದ ಕೆರೆದು, ಉಗುರನ್ನು ನನ್ನ ಮೂಗಿನ ಹತ್ತಿರ ತಂದರು. ಉಗುರಿನಡಿ ತೆಳ್ಳಗೆ ನೀಲಿ.

"ಇದರಲ್ಲಿ ಅಡಿಕೆಗೆ ಮದ್ದು ಕಲಸಿದ್ದೀರಾ?"

"ಯಾವಾಗಲೋ ಒಮ್ಮೆ. ತೊಳೆದಿದ್ದೇವೆ ಮಾರಾಯ್ರೇ."

"ಮೈಲುತುತ್ತು ತೊಳೆದರೆ ಹೋಗುವುದಿಲ್ಲ ಶೆಟ್ರೇ. ನಮ್ಮ ಊರಿನಲ್ಲಿ ಅಕ್ವೇರಿಯಂ ಮೀನು ಅರ್ಧ ಸಾಯುವುದು ಇದೇ ಬಾಲ್ದಿಯಿಂದ. ಅಂಗಡಿಯವನನ್ನು ಬೈತಾರೆ."

ಹೊಸ ಬಾಲ್ದಿ ತಂದೆವು. ಬಾವಿಯ ನೀರು ತಂದೆವು. ತೋಡಿನ ಬದಿಯ ಸಾಧಾರಣ ಗಿಡಗಳನ್ನು ಅವರೇ ಒದ್ದೆ ಪತ್ರಿಕೆಯಲ್ಲಿ ಸುತ್ತಿ ತಂದು ಉದ್ದದ ಚಿಮುಟದಲ್ಲಿ ಒಂದೊಂದಾಗಿ ಊರಿದರು. ಅದಕ್ಕೆ ಎರಡು ದಿನ ಹಿಡಿಯಿತು. ಆಮೇಲೆ ಕೈ ಒರೆಸಿಕೊಂಡು ಹೇಳಿದರು, "ಇನ್ನು ನಲವತ್ತು ದಿನ ಮೀನು ಇಲ್ಲ."

ನಲವತ್ತು ದಿನ! ಹೋಟೆಲಿನ ನಡುವೆ ಮೀನಿಲ್ಲದ ಅಕ್ವೇರಿಯಂ ಇಟ್ಟುಕೊಂಡು ಕೂತವನ ಕಷ್ಟ ನಿಮಗೆ ಗೊತ್ತಾಗಲಿಕ್ಕಿಲ್ಲ. "ಎಲ್ಲ ಪ್ಲೇಟಿಗೆ ಹೋಯಿತಾ ಶೆಟ್ರೇ?" ಎಂದು ಶುರುವಾಯಿತು. ಮೊದಲ ವಾರ ನೀರು ಗಂಜಿಯ ತಿಳಿಯಂತೆ ಬೆಳ್ಳಗಾಯಿತು. ಎರಡನೆಯ ವಾರ ಗಾಜಿನ ಮೇಲೆ ಕಂದು ಬಣ್ಣದ ಪೊರೆ ಕಟ್ಟಿತು. ಮೂರನೆಯ ವಾರ ಹಸಿರು ನೂಲಿನಂಥ ಪಾಚಿ. ನಾಲ್ಕನೆಯ ವಾರ ಎಲ್ಲಿಂದಲೋ ಬಸವನಹುಳುಗಳು. ಪ್ರತಿಯೊಂದು ಅನಿಷ್ಟಕ್ಕೂ ಅವರು ಮುಖ ಅರಳಿಸಿ "ಒಳ್ಳೆಯದು" ಎನ್ನುತ್ತಿದ್ದರು. ಅಡುಗೆಯವರು ಸಾಂಬಾರು ಉಕ್ಕಿತು ಎಂದಾಗ ಯಜಮಾನ ಒಳ್ಳೆಯದು ಎಂದರೆ ಹೇಗಿರುತ್ತದೆ ಹೇಳಿ. ನಾನು ಗಾಜು ತೊಳೆಯಲು ಹೋದರೆ ತಡೆಯುತ್ತಿದ್ದರು. "ಒಳಗೆ ಕೈ ಹಾಕುವ ಮೊದಲು ಆ ಕೈಯನ್ನು ಕಿಸೆಯಲ್ಲಿಟ್ಟುಕೊಂಡು ಹತ್ತು ನಿಮಿಷ ನೋಡಿ. ಆಮೇಲೂ ಹಾಕಬೇಕೆಂದು ಕಂಡರೆ ಇನ್ನು ಹತ್ತು ನಿಮಿಷ ನೋಡಿ." ಲುಂಗಿಗೆ ಕಿಸೆ ಇಲ್ಲ ಎಂದೆ. ನಗಲಿಲ್ಲ.

ಅವರು ನಕ್ಕಿದ್ದನ್ನು ನಾನು ನೋಡಿದ್ದು ಒಮ್ಮೆಯೇ. ಒಬ್ಬ ಡಾಕ್ಟರು ಸಂಸಾರ ಸಮೇತ ಊಟಕ್ಕೆ ಬಂದಿದ್ದರು. ಇವರನ್ನು ಕಂಡದ್ದೇ ಎಂಜಲು ಕೈಯಲ್ಲೇ ಎದ್ದು ನಿಂತರು. ಪಿಯುಸಿಯಲ್ಲಿ ಕಾಂಡದ ತೆಳು ಸೀಳು ಕೊಯ್ಯಲು ಬಾರದೆ ಅತ್ತಾಗ ಇವರು ಸಂಜೆ ಲ್ಯಾಬಿನ ಬೀಗ ಹಾಕದೆ ಕಾದು, ಬ್ಲೇಡು ಹಿಡಿಯುವುದನ್ನು ಕಲಿಸಿದರಂತೆ. "ಇವತ್ತು ಆಪರೇಶನ್ ಮಾಡುವ ಕೈ ಇವರು ತಿದ್ದಿದ್ದು" ಎಂದರು ಡಾಕ್ಟರು. "ಹಾಗಾದರೆ ಇನ್ನೂ ದಪ್ಪವೇ ಕೊಯ್ತಾ ಇರ್ಬೇಕು" ಎಂದು ಇವರು ನಕ್ಕರು. ನನಗೆ ಹೊಟ್ಟೆಕಿಚ್ಚಾದದ್ದು ಸುಳ್ಳಲ್ಲ. ಒಂದು ಗೋಣಿ ಕೆಂಪುಕಲ್ಲು ತೊಳೆದವನಿಗೆ ಒಂದು ನಗು ಇರಲಿಲ್ಲ.

ನಲವತ್ತೆರಡನೆಯ ದಿನ ಮೀನು ತಂದರು. ನಾನು ಕ್ಯಾಶಿನಲ್ಲಿ ಕೂರಲಾರದೆ ಬಾಗಿಲಲ್ಲೇ ಕಾಯುತ್ತಿದ್ದೆ. ಡಬ್ಬಿ ಬಗ್ಗಿಸಿದರೆ ಒಳಗಿದ್ದುದು ಗದ್ದೆಯ ತೋಡಿನ ಪೊಡಿಮೀನುಗಳು. ಬೆರಳ ಗೆಣ್ಣಿನಷ್ಟು ಉದ್ದ, ಬೂದು ಬಣ್ಣ. ಮಳೆಗಾಲದಲ್ಲಿ ನಮ್ಮ ಅಂಗಳದ ನೀರಿನಲ್ಲೂ ಸಿಗುವಂಥವು.

"ಬಣ್ಣ ಎಲ್ಲಿ ಮಾರಾಯ್ರೇ?"

"ಉಂಟು. ನಿಮಗೆ ಕಾಣುವುದಿಲ್ಲ."

ಆ ದಿನ ನಾನು ನಿಜವಾಗಿ ಬೊಬ್ಬೆ ಹೊಡೆದೆ. ಇದು ನನ್ನ ಹೋಟೆಲು, ನನ್ನ ಅಕ್ವೇರಿಯಂ, ನಿಮಗೆ ಇದರಲ್ಲಿ ಏನು ಎಂದು ಕೇಳಿಯೇ ಬಿಟ್ಟೆ. ಊಟ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಅವರು ಒದ್ದೆಯಾದ ಅಂಗಿಯ ತೋಳನ್ನು ನಿಧಾನವಾಗಿ ಇಳಿಸಿಕೊಂಡು ಹೇಳಿದರು, "ನನ್ನ ರೂಮಿನವರೆಗೆ ಒಮ್ಮೆ ಹೋಗುವ. ನಾನು ಮೊದಲೇ ಹೇಳಬೇಕಿತ್ತು."

ಅವರದ್ದು ಬಾಡಿಗೆಯ ಒಂದು ಕೋಣೆ. ಮದುವೆಯಾಗಿರಲಿಲ್ಲ. ಕೋಣೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಸಿಮೆಂಟಿನ ತೊಟ್ಟಿ. ಅದರೊಳಗೆ ಆ ಗಿಡ. ಉದ್ದವಾದ, ಅಂಚು ಸುರುಳಿ ಸುರುಳಿಯಾದ ಎಲೆಗಳು. ಒಂದು ಎಲೆಯನ್ನು ಬೆರಳಿನಿಂದ ಮಗುಚಿ ತೋರಿಸಿದರು. ಮೇಲೆ ಹಸಿರು, ಅಡಿಯಲ್ಲಿ ಕುಂಕುಮದ ಕೆಂಪು.

ಬೆಳ್ತಂಗಡಿಯ ಕಡೆ ಘಟ್ಟದ ಬುಡದ ನೆರಿಯಕ್ಕೆ ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ಹೊಳೆಯ ಒಂದು ಗುಂಡಿಯಲ್ಲಿ ಕಂಡದ್ದಂತೆ. ಆಗಿನ ಪ್ರೊಫೆಸರರು ಲ್ಯಾಟಿನ್ನಿನಲ್ಲಿ ಒಂದು ಹೆಸರು ಹೇಳಿ, ಆದರೆ ಅದರ ಎಲೆಯಡಿ ಕೆಂಪಿರುವುದಿಲ್ಲ, ಇದು ಬೇರೆಯೇ ಇರಬಹುದು, ನೋಡುವ ಎಂದಿದ್ದರಂತೆ. ನೋಡುವ ಮೊದಲೇ ಪ್ರೊಫೆಸರರು ತೀರಿಕೊಂಡರು. ಆಮೇಲೆ ಅಲ್ಲಿ ಕಿಂಡಿ ಅಣೆಕಟ್ಟು ಬಂತು, ಗುಂಡಿ ಹೂಳಿನಡಿ ಹೋಯಿತು. ಇವರು ಎಷ್ಟೋ ಸಲ ಹೋಗಿ ಹುಡುಕಿದರೂ ಮತ್ತೆ ಸಿಗಲಿಲ್ಲ.

"ಏಳು ಮಂದಿಗೆ ಇದರ ತುಂಡು ಕೊಟ್ಟಿದ್ದೆ. ಏಳು ಮಂದಿಯೂ ಕೊಂದರು. ಇನ್ನು ಇದಿಷ್ಟೇ." ಎಲೆಯನ್ನು ನೀರಿಗೆ ಬಿಟ್ಟು ಹೇಳಿದರು. "ರೂಮಿನ ಧನಿಗಳು ಇಲ್ಲಿ ಕಾರು ನಿಲ್ಲಿಸ್ಲಿಕ್ಕೆ ಶೀಟು ಹಾಕಿಸ್ತಾರೆ. ಮುಂದಿನ ತಿಂಗಳು ತೊಟ್ಟಿ ಒಡೀತಾರೆ. ನನಗೆ ಹೊಟ್ಟೆಯದ್ದು ಒಂದು ಆಪರೇಶನ್ ಉಂಟು, ಆಮೇಲೆ ಬಂಟ್ವಾಳದಲ್ಲಿ ತಂಗಿಯ ಮನೆಗೆ ಹೋಗುವುದು. ಅಲ್ಲಿ ಜಾಗ ಇಲ್ಲ."

ಇಷ್ಟು ಹೇಳಲು ಆ ಮನುಷ್ಯನಿಗೆ ಎರಡು ತಿಂಗಳು ಬೇಕಾಯಿತು. ಮೊದಲ ದಿನವೇ ಹೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆನೇ? ಬಹುಶಃ ಎನ್ನುತ್ತಿದ್ದೆ. ಇದು ಅವರಿಗೂ ಗೊತ್ತಿತ್ತು ಅನ್ನಿಸುತ್ತದೆ.

ಗಿಡವನ್ನು ಬೇರಿನ ಮುದ್ದೆ ಸಮೇತ ತಂದು ಅಕ್ವೇರಿಯಂನ ನಡುವೆ ನೆಟ್ಟರು. ಆಸ್ಪತ್ರೆಗೆ ಹೊರಡುವ ಮುನ್ನ, ಲ್ಯಾಬಿನ ರೆಕಾರ್ಡು ಬರೆಯುವಂಥ ದುಂಡಗಿನ ಅಕ್ಷರದಲ್ಲಿ ಹತ್ತೊಂಬತ್ತು ಸೂಚನೆ ಬರೆದು ಗಾಜಿಗೆ ಅಂಟಿಸಿದರು. ಒಂದನೆಯದು ದೀಪ ಎಷ್ಟು ಗಂಟೆ ಉರಿಯಬೇಕು ಎಂದು. ಎರಡನೆಯದು ನೀರು ಎಷ್ಟು ಬದಲಾಯಿಸಬೇಕು ಎಂದು. ನಾಲ್ಕನೆಯದರವರೆಗೆ ಓದಿದೆ. ಅಷ್ಟರಲ್ಲಿ ಗ್ಯಾಸಿನವನು ಬಂದ. ಗಿರಾಕಿಗಳು ಕೈ ತೊಳೆಯುತ್ತ ಅದನ್ನು ಗಟ್ಟಿಯಾಗಿ ಓದಿ ನಗುತ್ತಾರೆ ಎಂದು ಮರುದಿನ ಕಿತ್ತು ಗಲ್ಲಾದ ಡ್ರಾಯರಿನಲ್ಲಿ ಹಾಕಿದೆ.

ಹತ್ತು ದಿನವಾಗಿರಬಹುದು. ಎಲೆಗಳ ಮೇಲೆ ತೂತು ಬಿತ್ತು. ಮರುದಿನ ಅವು ಗಾಜಿನಂತಾದವು. ಅದರ ಮರುದಿನ ಇಡೀ ಗಿಡ ಬೆಂದ ಬಸಳೆಯಂತೆ ಲೋಳೆ ಲೋಳೆಯಾಗಿ ಕುಸಿಯಿತು. ಕೊಳೆತ ವಾಸನೆ ಶುರುವಾಯಿತು.

ಬೇರೆ ಯಾವ ಹೋಟೆಲಿನಲ್ಲಾದರೂ ಅದೊಂದು ವಾಸನೆ, ಅಷ್ಟೆ. ಮೀನೂಟದ ಹೋಟೆಲಿನಲ್ಲಿ ಕೊಳೆತ ವಾಸನೆ ಬಂದರೆ ಅದಕ್ಕೆ ಒಂದೇ ಅರ್ಥ. ಊಟಕ್ಕೆ ಬಂದ ಇಬ್ಬರು ಮೂಗು ಎಳೆದುಕೊಂಡು, ಬಂಗುಡೆ ಬೇಡ, ಸಾರು ಮಾತ್ರ ಸಾಕು ಎಂದರು. ಸಂಜೀವಣ್ಣ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದ. "ಧನಿ, ನಾನು ಬೆಳಿಗ್ಗೆ ಮಲ್ಪೆಯಿಂದ ಬಂದ ತಾಜಾ ಮೀನು ಹಾಕುದು. ಈ ಗಿಡದಿಂದ ನನ್ನ ಹೆಸರು ಹಾಳಾಗುದು ಬೇಡ. ಅದು ಸತ್ತಿದೆ. ಇಲ್ಲದಿದ್ದರೆ ನಾನು ಹೋಗ್ತೇನೆ."

ಸತ್ತಿದೆ ಎಂದು ನನಗೂ ಕಂಡಿತು. ಕೈ ಹಾಕಿ ಬೇರು ಸಮೇತ ಕಿತ್ತು ಹಸಿ ಕಸದ ಬಾಲ್ದಿಗೆ ಹಾಕಿದೆ. ಎಂಟನೆಯವನೂ ಕೊಂದ ಎಂದುಕೊಂಡೆ. ಕೈ ಎರಡು ಸಲ ಸಾಬೂನು ಹಾಕಿ ತೊಳೆದೆ. ಬೆಳಿಗ್ಗೆ ಕಸದ ಗಾಡಿ ಬಂದು ಒಯ್ದಿತು.

ಮಂಗಳೂರಿನ ಆಸ್ಪತ್ರೆಗೆ ನೋಡಲು ಹೋದೆ. ಆಪರೇಶನ್ ಆಗಿ ಹತ್ತು ದಿನವಾಗಿತ್ತು. ಇದ್ದ ಸಣಕಲು ದೇಹ ಇನ್ನೂ ಇಳಿದು, ಚಾದರದಡಿ ಮನುಷ್ಯ ಇದ್ದಾರೋ ಇಲ್ಲವೋ ಎಂಬಂತಿತ್ತು. ನಾನು ಕಿತ್ತಳೆ ಹಣ್ಣು ಇಟ್ಟು ಕೂತೆ. ಹೇಳಬಾರದು ಎಂದು ದಾರಿಯಲ್ಲೇ ನಿಶ್ಚಯಿಸಿದ್ದೆ.

"ಗಿಡ ಹೇಗುಂಟು?"

"ಚೆನ್ನಾಗಿ ಉಂಟು. ಹಚ್ಚಗೆ ಹಸಿರು."

"ಎಲೆ ಒಂದೂ ಕರಗಲಿಲ್ಲವಾ?"

"ಒಂದೇ ಒಂದು ಇಲ್ಲ. ನಾನು ಅಷ್ಟು ಚೆನ್ನಾಗಿ ನೋಡಿಕೊಳ್ತಾ ಇದ್ದೇನೆ ಮಾರಾಯ್ರೇ!"

ಅವರು ನನ್ನನ್ನೇ ನೋಡಿದರು. ಮರಳಿನ ಮೇಲೆ ವಿನೆಗರ್ ಬಿಟ್ಟು ನೋಡುತ್ತಿದ್ದರಲ್ಲ, ಅದೇ ನೋಟ.

"ಹನ್ನೊಂದನೆಯ ಸೂಚನೆ ಓದಿದ್ದೀರಾ?"

ನಾನು ಒಂದು ಕಿತ್ತಳೆ ತೆಗೆದು ಸುಲಿಯತೊಡಗಿದೆ. ಅವರು ಕಣ್ಣು ಮುಚ್ಚಿಕೊಂಡರು. ಈಗ ಬೈಯುತ್ತಾರೆ ಎಂದು ಕಾದೆ. "ಆಯ್ತು, ಬಿಡಿ" ಎಂದರು. ಅಷ್ಟೇ. ನನಗೆ ಆ ಎರಡು ಮಾತು ತಡೆಯಲಾಗಲಿಲ್ಲ.

ಹೋಟೆಲಿಗೆ ಬಂದು ಡ್ರಾಯರು ತೆಗೆದೆ. ಹನ್ನೊಂದನೆಯದು ಹೀಗಿತ್ತು. "ಹತ್ತು ಹನ್ನೆರಡು ದಿನದಲ್ಲಿ ಎಲೆಗಳೆಲ್ಲ ಕರಗಿ ಕೊಳೆಯುತ್ತವೆ. ಗಿಡ ಸತ್ತಿತೆಂದು ತಿಳಿಯಬಾರದು. ಜಾಗ ಬದಲಾದರೆ ಇದು ಹೀಗೆಯೇ ಮಾಡುತ್ತದೆ. ಬೇರು ಬದುಕಿರುತ್ತದೆ. ಬೇರಿಗೆ ಕೈ ಹಾಕಬಾರದು. ಕಾಯಬೇಕು." ಕಾಯಬೇಕು ಎಂಬುದರ ಅಡಿಯಲ್ಲಿ ಎರಡು ಗೆರೆ ಎಳೆದಿದ್ದರು.

ಕಸ ಸುರಿಯುವ ಜಾಗಕ್ಕೆ ಹೋಗಿ ಕೋಲಿನಿಂದ ಕೆದಕಿದೆ. ಇಡೀ ಊರಿನ ಕಸದ ಗುಡ್ಡೆಯಲ್ಲಿ ಏನು ಸಿಗುತ್ತದೆ? ಅಲ್ಲಿದ್ದ ಹೆಂಗಸು ಚಿನ್ನ ಏನಾದರೂ ಬಿದ್ದು ಹೋಯಿತಾ ಎಂದು ಕೇಳಿದಳು. ಹೌದು ಎಂದೆ.

ಮರುದಿನ ಹೋಟೆಲಿಗೆ ರಜೆ ಹಾಕಿ ನೆರಿಯಕ್ಕೆ ಹೋದೆ. ಅಲ್ಲಿಂದ ನನಗೆ ತೆಂಗಿನಕಾಯಿ ಕೊಡುವವರೊಬ್ಬರು ಜೊತೆಗೆ ಬಂದರು. ಕಿಂಡಿ ಅಣೆಕಟ್ಟಿನಿಂದ ಮೇಲಕ್ಕೆ ಹೊಳೆಯಲ್ಲೇ ನಡೆದೆವು. ನಾನು ಈ ಹೊಟ್ಟೆ ಹೊತ್ತುಕೊಂಡು ಬಂಡೆ ಹತ್ತುವುದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. "ಶೆಟ್ರೇ, ಇಷ್ಟು ಕಷ್ಟ ಪಡ್ಲಿಕ್ಕೆ ಆ ಗಿಡದಲ್ಲಿ ಎಂತ ಉಂಟು? ಔಷಧವಾ?" ಎಂದರು. ಕಾಲಿಗೆ ಇಂಬಳ ಹತ್ತಿ ರಕ್ತ ಹೀರಿತು. ಎರಡು ಸಲ ಬಿದ್ದು ಎರಡೂ ಮೊಣಕಾಲು ಕೆತ್ತಿಹೋಯಿತು. ಮಧ್ಯಾಹ್ನದವರೆಗೆ ಆಸ್ಪತ್ರೆಯಲ್ಲಿದ್ದ ಆ ಮನುಷ್ಯನನ್ನು ಬೈದುಕೊಂಡೇ ನಡೆದೆ. ಒಂದು ಗಿಡ, ಅದೂ ತಿನ್ನಲಿಕ್ಕಿಲ್ಲ, ಮುಡಿಯಲಿಕ್ಕಿಲ್ಲ. ಆಮೇಲೆ ಎರಡು ಬಂಡೆಗಳ ನಡುವಿನ ನೆರಳಿನಲ್ಲಿ ಉದ್ದ ಎಲೆಯ, ಅಂಚು ಮಡಿಕೆಯ ಗಿಡ ಕಂಡಿತು. ಎಲೆ ಮಗುಚಿದೆ. ಅಡಿಯಲ್ಲಿ ಕೆಂಪಿದ್ದಂತೆ ಕಂಡಿತು. ಕೆಂಪೇ ಇರಬೇಕು ಎಂದು ನನಗೆ ಅಷ್ಟು ಆಸೆಯಾಗಿತ್ತು. ಕುತ್ತಿಗೆವರೆಗೆ ನೀರಿಗಿಳಿದು ಬೇರು ಸಮೇತ ಬಿಡಿಸಿದೆ.

ಅಷ್ಟರಲ್ಲಿ ಅವರು ಆಸ್ಪತ್ರೆಯಿಂದ ಬಂಟ್ವಾಳಕ್ಕೆ, ತಂಗಿಯ ಮನೆಗೆ ಬಂದಿದ್ದರು. ಸ್ಟೀಲಿನ ಕ್ಯಾರಿಯರಿನಲ್ಲಿ ನೀರು ತುಂಬಿ ಗಿಡ ಇಟ್ಟುಕೊಂಡು ಹೋದೆ. ತಂಗಿ, ಬಿಳಿಕೂದಲಿನ ಗಟ್ಟಿ ಹೆಂಗಸು, ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದರು. ನಾನು ಎಲ್ಲವನ್ನೂ ಹೇಳಿದೆ. ಕಿತ್ತದ್ದು, ಎಸೆದದ್ದು, ಸುಳ್ಳು ಹೇಳಿದ್ದು. ಅವರು ಕೇಳುತ್ತಲೇ ಭೂತಗನ್ನಡಿ ಹಿಡಿದು ಎಲೆಯನ್ನು ಬೆಳಕಿಗೆ ಎತ್ತಿದರು. ಮಗುಚಿದರು. ಬೇರನ್ನು ಉಗುರಿನಿಂದ ಗೀರಿ ಮೂಸಿದರು.

"ನೀವೇ ಹೊಳೆಗೆ ಇಳಿದಿರಾ?"

"ಮತ್ತೆ ಯಾರು?"

"ಮೊಣಕಾಲಿಗೆ ಎಂತ ಆದದ್ದು?"

"ಬಿದ್ದೆ."

ಗಿಡವನ್ನು ಮೆಲ್ಲನೆ ಕ್ಯಾರಿಯರಿಗೆ ಇಳಿಸಿದರು. "ಇದೇ ಶೆಟ್ರೇ. ತಗೊಂಡು ಹೋಗಿ ನೆಡಿ. ಇನ್ನು ನೀವು ಕಾಯ್ತೀರಿ."

ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ನೆಟ್ಟೆ. ಹನ್ನೊಂದನೆಯ ಸೂಚನೆಯಂತೆಯೇ ಎಲೆ ಕರಗಿತು, ವಾಸನೆ ಬಂತು. ಸಂಜೀವಣ್ಣ ಮತ್ತೆ ಸೌಟು ಹಿಡಿದು ಬಂದ. ಈ ಸಲ ನಾನೇ ಕರಗಿದ ಎಲೆಗಳನ್ನು ದಿನಾ ಜಾಲರಿಯಲ್ಲಿ ಎತ್ತಿದೆ, ಬೇರಿಗೆ ಕೈ ಹಾಕಲಿಲ್ಲ. ಬಂಟ್ವಾಳದಿಂದ ಸಂಜೆ ಫೋನು ಬರುತ್ತಿತ್ತು. "ಕರಗಿತಾ?" "ಕರಗಿತು." "ಒಳ್ಳೆಯದು." ಬರೀ ಮರಳನ್ನು ನೋಡುತ್ತ ಆರು ವಾರ ಕಾದೆ. ಏಳನೆಯ ವಾರ ಸೂಜಿಯಂಥ ಒಂದು ಚಿಗುರು ಬಂತು. ಫೋನು ಮಾಡಿದರೆ ತಂಗಿ ಎತ್ತಿದರು. ಅಣ್ಣನಿಗೆ ಮಾತಾಡಲು ಆಗುವುದಿಲ್ಲ, ಹೇಳುತ್ತೇನೆ ಎಂದರು. ಹೇಳಿದರಂತೆ. ಎರಡು ದಿನ ಬಿಟ್ಟು ಅವರು ಹೋದರು.

ಬೊಜ್ಜದ ದಿನ ಉತ್ತರಕ್ರಿಯೆಯ ಊಟ ಮುಗಿಸಿ ಹೊರಡುವಾಗ ತಂಗಿ ನನ್ನನ್ನು ಜಗಲಿಯ ಬದಿಗೆ ಕರೆದರು.

"ನಿಮಗೆ ಒಂದು ವಿಷಯ ಹೇಳ್ಬೇಕು ಶೆಟ್ರೇ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಕ್ಕೆ ನನಗೆ ಆಗುದಿಲ್ಲ. ನೀವು ತಂದದ್ದು ಅಣ್ಣನ ಗಿಡ ಅಲ್ಲ."

"ಅವರೇ ನೋಡಿ ಹೇಳಿದ್ದಲ್ಲವಾ?"

"ನೀವು ಗೇಟು ದಾಟುವ ಮೊದಲೇ ನನ್ನ ಹತ್ರ ಹೇಳಿದ್ರು. ಅದು ಸಾಧಾರಣದ್ದಂತೆ, ಘಟ್ಟದ ಬುಡದ ಹೊಳೆಯಲ್ಲೆಲ್ಲ ಇರ್ತದಂತೆ. ಮತ್ತೆ ಯಾಕೆ ಸುಳ್ಳು ಹೇಳಿದ್ದು ಅಂತ ನಾನು ಜೋರು ಮಾಡಿದೆ."

"ಎಂತ ಹೇಳಿದ್ರು?"

"ನನ್ನ ಗಿಡ ಹೇಗೂ ಹೋಯ್ತು, ಇನ್ನು ಆ ಮನುಷ್ಯನನ್ನೂ ಹಾಳು ಮಾಡುದು ಯಾಕೆ ಅಂತ ಹೇಳಿದ್ರು."

ಈಗ ಅಕ್ವೇರಿಯಂ ತುಂಬ ಆ ಗಿಡ ಹಬ್ಬಿದೆ. ಎಲೆ ಮಗುಚಿದರೆ ಎರಡೂ ಬದಿ ಹಸಿರು. ಮೊದಲೂ ಹಾಗೆಯೇ ಇದ್ದಿರಬೇಕು. ಗಿರಾಕಿಗಳು ಫೋಟೊ ತೆಗೆಯುತ್ತಾರೆ, ಏನು ಗಿಡ ಎಂದು ಕೇಳುತ್ತಾರೆ, ತೋಡಿನ ಗಿಡ ಎನ್ನುತ್ತೇನೆ. ಅದನ್ನು ಕಿತ್ತು ಹಾಕಲು ಕೈ ಬರುವುದಿಲ್ಲ, ಅಷ್ಟು ಕಾದಿದ್ದೇನೆ ಅದಕ್ಕಾಗಿ. ಆದರೆ ಲೋಕದಲ್ಲಿ ಅವರ ಕೈಯಲ್ಲಿ ಮಾತ್ರ ಉಳಿದಿದ್ದ ಒಂದು ಗಿಡ ನನ್ನ ಕೈಯಲ್ಲಿ ಹೋಯಿತು. ಆ ಲೆಕ್ಕ ಯಾವ ಹೊಳೆಗೆ ಇಳಿದರೂ ಸರಿಹೋಗುವುದಿಲ್ಲ. ಬಾಲ್ದಿಗೆ ಬೈದರು, ಮರಳಿಗೆ ಬೈದರು, ಅಷ್ಟೂ ತಿಂಗಳು ಸಣ್ಣಸಣ್ಣದಕ್ಕೆಲ್ಲ ಪಿರಿಪಿರಿ ಮಾಡಿದರು. ನಿಜವಾಗಿ ಬೈಯಬೇಕಾಗಿದ್ದ ದಿನ ಬೈಯದೆ ಹೋದರು. ಅದೊಂದಕ್ಕೆ ಅವರನ್ನು ನಾನಿನ್ನೂ ಕ್ಷಮಿಸಿಲ್ಲ.